ಕಡಲ್ಗಳ್ಳರ ಭಟ್ಟಿಗೆ ತಾಮ್ರದ ಹಂಡೆ

ಒಂಬತ್ತನೇ ನಂಬರಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿ ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಹೇಳಿದ ಮೊದಲ ಮಾತೇ ಇದು: "ಇದರಲ್ಲಿರುವ ಈ ಇಂಗ್ಲಿಷ್ ಶಬ್ದ ಸೆಟ್‌ನಲ್ಲಿ ಎಲ್ಲೂ ಕಾಣಬಾರದು. ಪೀಪಾಯಿಯ ಮೇಲೂ ಇಲ್ಲ, ಬೋರ್ಡಿನ ಮೇಲೂ ಇಲ್ಲ."

ಶಬ್ದ ಯಾವುದೆಂದರೆ ರಮ್; ಸೌದಿಯಲ್ಲಿ ಮದ್ಯ ಮಾಡುವುದೂ ಇಟ್ಟುಕೊಳ್ಳುವುದೂ ಅಪರಾಧ. ಜಿದ್ದಾದ ಕಡಲ ದಂಡೆಯ ಮೋಜಿನ ಮೈದಾನದಲ್ಲಿ ಮನೆಮಂದಿ ಮಕ್ಕಳನ್ನು ಕರೆದುಕೊಂಡು ನಡೆದು ನೋಡುವ "ಕಡಲ್ಗಳ್ಳರ ದ್ವೀಪ"ವನ್ನು ಕಟ್ಟುವ ಕೆಲಸ ನಮ್ಮ ಕಂಪನಿಗೆ ಸಿಕ್ಕಿತ್ತು. ಮುರಿದ ಹಡಗು, ಕೋಟೆ, ಸಂತೆ, ಕಬ್ಬಿನ ಗಾಣ, ಅದರ ಪಕ್ಕದಲ್ಲಿ ಭಟ್ಟಿ ಮನೆ. ಮುನ್ನೂರು ವರ್ಷದ ಹಿಂದೆ ಆ ದ್ವೀಪಗಳಲ್ಲಿ ಸಕ್ಕರೆ ತೆಗೆದು ಉಳಿದ ಕಾಕಂಬಿಗೆ ನೀರು ಬೆರೆಸಿ ಹುಳಿಯಲು ಬಿಟ್ಟು, ಅದನ್ನು ತಾಮ್ರದ ಹಂಡೆಯಲ್ಲಿ ಕುದಿಸಿ ರಮ್ ಇಳಿಸುತ್ತಿದ್ದರಂತೆ. ಕಡಲ್ಗಳ್ಳರು ದಡಕ್ಕೆ ಬಂದು ಪೀಪಾಯಿಗಟ್ಟಲೆ ಒಯ್ಯುತ್ತಿದ್ದರಂತೆ. ವಿದೇಶಿ ವಿನ್ಯಾಸಗಾರ ಇದನ್ನೆಲ್ಲ ಹಾಗೆಯೇ ಬರೆದುಬಿಟ್ಟಿದ್ದ. ಮಂಜೂರಾತಿ ಸಿಗುವಾಗ ಅದು "ಹಳೆಯ ಸಕ್ಕರೆ ಕಾರ್ಖಾನೆ" ಆಗಿತ್ತು. ಮಂಜೂರಾತಿಯ ಕಾಗದದಲ್ಲಿ ಹಂಡೆಯ ಎದುರು ಇನ್ನೊಂದು ಸಾಲಿತ್ತು: ಮಾದರಿ ಮಾತ್ರ, ಕೆಲಸ ಮಾಡತಕ್ಕದ್ದಲ್ಲ.

ಆ ಸಾಲನ್ನು ನಾನು ಓದಿದ್ದೆ. ಓದಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ನಾನು ಕಾರ್ಖಾನೆಯ ಫೋರ್‌ಮನ್. ಊರಲ್ಲಿ ಮರಗೆಲಸದವರ ಮನೆ ನಮ್ಮದು, ಇಲ್ಲಿ ಬಂದು ಕಲಿತದ್ದು ಕಬ್ಬಿಣ. ಮೊದಲು ಫೈಬರಿನಲ್ಲೇ ಹಂಡೆ ಮಾಡಿ ತಾಮ್ರದ ಬಣ್ಣ ಹೊಡೆಸಿದೆ. ಒಳಗಿನಿಂದ ಆವಿ ಬರಬೇಕು ಎಂದು ನಕ್ಷೆಯಲ್ಲಿತ್ತು. ಆವಿ ಬಿಟ್ಟ ನಾಲ್ಕನೇ ದಿನಕ್ಕೆ ಬಣ್ಣ ಗುಳ್ಳೆ ಎದ್ದಿತು, ವಾರದೊಳಗೆ ಸಿಪ್ಪೆ ಸುಲಿಯಿತು. ಜಿದ್ದಾದ ಉಪ್ಪುಗಾಳಿ ಬೇರೆ. ಮ್ಯಾನೇಜರ್ ಬಂದು ನೋಡಿದರು. ಜಿದ್ದಾದವರೇ ಆದ ಅವರು ವಯಸ್ಸಿನಲ್ಲಿ ನನಗಿಂತ ತುಂಬ ಚಿಕ್ಕವರು, ಕೆಲಸದಲ್ಲಿ ಖಡಕ್ಕು. ಉಗುರಿನಿಂದ ಒಂದು ಸಿಪ್ಪೆ ಎತ್ತಿ, "ಇದು ಪ್ಲಾಸ್ಟಿಕ್ ಬಕೆಟ್" ಅಂದರು.

"ತಾಮ್ರದಲ್ಲೇ ಮಾಡಬೇಕು ಮೇಡಂ."

"ಈ ಗಾತ್ರದ ತಾಮ್ರದ ಕೆಲಸ ಯಾರಿಗೆ ಬರುತ್ತದೆ?" ಎಂದು ಕೇಳಿ, ಅವರೇ ಉತ್ತರವನ್ನೂ ಹೇಳಿದರು. "ತಾಯಿಫ್‌ಗೆ ಹೋಗಿ. ಅಲ್ಲಿ ಗುಲಾಬಿ ಭಟ್ಟಿ ಇಳಿಸುತ್ತಾರೆ."

ಹಾಗೆ ನಾನು ತಾಯಿಫ್‌ಗೆ ಹೋದೆ. ಗುಲಾಬಿಯ ಕಾಲ ಮುಗಿದಿತ್ತು, ತಾಮ್ರದ ಕೆಲಸಗಾರರ ಕೈ ಖಾಲಿಯಿತ್ತು. ನನಗೆ ಸಿಕ್ಕಿದ ಉಸ್ತಾದ್ ಎಪ್ಪತ್ತರ ಹತ್ತಿರದವರು. ಕಿವಿ ಸ್ವಲ್ಪ ಮಂದ. ಐವತ್ತು ವರ್ಷ ತಗಡು ಬಡಿದವರ ಕಿವಿ ಇನ್ನು ಹೇಗಿದ್ದೀತು? ಅತ್ತರಿನವರಿಗೆ ಹಂಡೆ ಮಾಡಿಕೊಡುವುದೇ ಅವರ ಜೀವನ. ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಮ್ಮದರ ತಮ್ಮ" ಅಂದರು. ಗುಲಾಬಿ ಹಂಡೆಗೆ ತಲೆ ಗುಂಡಗೆ, ಕೊಳವೆ ನೆಟ್ಟಗೆ ಹೋಗಿ ನೀರಿನ ತೊಟ್ಟಿ ದಾಟುತ್ತದೆ. ಇದಕ್ಕೆ ಈರುಳ್ಳಿಯಂಥ ತಲೆ, ಹಂಸದ ಹಾಗೆ ಬಾಗಿದ ಕೊರಳು, ಕೊನೆಗೆ ಮರದ ತೊಟ್ಟಿಯೊಳಗೆ ಹಾವಿನಂತೆ ಸುತ್ತುವ ಸುರುಳಿ. ಕುದಿದ ಆವಿ ಕೊರಳಲ್ಲಿ ಏರಿ, ಸುರುಳಿಯಲ್ಲಿ ಇಳಿಯುತ್ತ ತಣ್ಣಗಾಗಿ, ಹನಿಯಾಗಿ ಬೀಳುತ್ತದೆ. ಇಷ್ಟೇ ತತ್ವ. ಗುಲಾಬಿಗೂ ಅದೇ, ರಮ್ಮಿಗೂ ಅದೇ.

ತಗಡನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ತಾಮ್ರ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ. ಬಡಿಯುತ್ತ ಹೋದಂತೆ ಮತ್ತೆ ಗಟ್ಟಿ, ಮತ್ತೆ ಕಾಯಿಸಬೇಕು. ತಲೆಯೊಂದಕ್ಕೇ ಹನ್ನೊಂದು ಸಲ ಕಾಯಿಸಿದೆವು. ಉಸ್ತಾದ್ ಅಡೆಗಲ್ಲಿನ ಮೇಲೆ ತಗಡು ತಿರುಗಿಸುತ್ತಿದ್ದರು, ಅವರು ಕಣ್ಣಲ್ಲಿ ತೋರಿಸಿದ ಜಾಗಕ್ಕೆ ನಾನು ಮರದ ಸುತ್ತಿಗೆ ಹಾಕುತ್ತಿದ್ದೆ. ಎರಡನೇ ವಾರಕ್ಕೆ ಅವರು ತೋರಿಸುವ ಮೊದಲೇ ನನ್ನ ಸುತ್ತಿಗೆ ಅಲ್ಲಿರುತ್ತಿತ್ತು.

ಸುರುಳಿಯಲ್ಲಿ ಎಡವಿದೆವು. ಕೊಳವೆಯನ್ನು ಹಾಗೇ ಬಗ್ಗಿಸಿದರೆ ಮಡಚಿ ಚಪ್ಪಟೆಯಾಗುತ್ತದೆ. ಅದಕ್ಕೆ ಒಳಗೆ ಮರಳು ತುಂಬಿ, ಎರಡೂ ಬಾಯಿಗೆ ಮರದ ಬಿರಡೆ ಹೊಡೆದು, ಕಾಯಿಸುತ್ತ ಸುತ್ತಬೇಕು. ಮರಳು ತುಂಬಿದವನು ನಾನು. ಹಿತ್ತಲಲ್ಲಿ ನಲ್ಲಿಯ ಹತ್ತಿರ ಬಿದ್ದಿದ್ದ ಮರಳು, ಮೇಲೆ ಒಣಗಿದಂತೆ ಕಂಡಿತು, ಒಳಗೆ ಪಸೆಯಿತ್ತು. ಮೂರನೇ ಸುತ್ತು ಬಗ್ಗಿಸಲು ಬೆಂಕಿ ಹಿಡಿದಾಗ ಒಳಗಿನ ನೀರು ಆವಿಯಾಗಿ, ಬಿರಡೆ ಗುಂಡಿನಂತೆ ಹಾರಿ ಎದುರಿನ ಗೋಡೆಯ ಗಾರೆ ಕಿತ್ತುಕೊಂಡು ಬಿತ್ತು. ನನ್ನ ಕಿವಿಯಿಂದ ಗೇಣು ದೂರದಲ್ಲಿ ಹೋಗಿತ್ತು. ಉಸ್ತಾದ್ ಬೈಯಲಿಲ್ಲ. ಬಾಣಲೆಯಲ್ಲಿ ಮರಳು ಹುರಿಯಲು ಕೂರಿಸಿದರು. ಅರ್ಧ ದಿನ ಮರಳು ಹುರಿದೆ.

ಕೊನೆಗೆ ಎಲ್ಲ ಬೆಸೆದು ಪರೀಕ್ಷೆಗೆ ಇಟ್ಟೆವು. ಹಂಡೆಗೆ ನೀರು, ಕೆಳಗೆ ಗ್ಯಾಸ್ ಒಲೆ, ತೊಟ್ಟಿಗೆ ಐಸ್. ಉಸ್ತಾದ್ ಮೂಲೆಯ ಚೀಲದಿಂದ ಒಂದು ಹಿಡಿ ಒಣ ಗುಲಾಬಿ ತಂದು ನೀರಿಗೆ ಹಾಕಿದರು. ಮುಕ್ಕಾಲು ಗಂಟೆಯಲ್ಲಿ ಸುರುಳಿಯ ತುದಿಯಲ್ಲಿ ಒಂದು ಹನಿ ನಿಂತಿತು, ಬಿತ್ತು, ಹಿಂದೆಯೇ ಇನ್ನೊಂದು. ಎಲ್ಲೂ ಆವಿ ಸೋರಲಿಲ್ಲ. ಗಾಜಿನ ಲೋಟದಲ್ಲಿ ಹಿಡಿದು ಮೂಸಿದರೆ ಗುಲಾಬಿಯ ವಾಸನೆ. ಅಷ್ಟು ಸಂತೋಷ ನನಗೆ ಯಾವ ಕೆಲಸದಲ್ಲೂ ಆದದ್ದಿಲ್ಲ.

ಆಗ ಉಸ್ತಾದ್ ಹಂಡೆಯ ಹೊಟ್ಟೆ ತಟ್ಟಿ ಹೇಳಿದರು, "ತಳದಲ್ಲಿ ಒಂದು ತೂತು ಹೊಡೆದುಬಿಡು. ನಿಮಗೆ ಬೇಕಾದದ್ದು ಚಿತ್ರ, ಹಂಡೆಯಲ್ಲ."

"ಇಷ್ಟು ಒಳ್ಳೆಯ ಹಂಡೆಗೆ ತೂತಾ?" ಎಂದು ನಕ್ಕುಬಿಟ್ಟೆ. ಅವರು ಬಗ್ಗಿ ಒಲೆ ಆರಿಸಿದರು.

ಲಾರಿ ಬಂದದ್ದು ಗುರುವಾರ ಬೆಳಿಗ್ಗೆ. ಡ್ರೈವರ್ ಬಂಟ್ವಾಳದ ಕಡೆಯ ಬ್ಯಾರಿ, ನನಗಿಂತ ಹಿರಿಯರು, ನಾನು ಕಾಕ ಎಂದೇ ಕರೆಯುವುದು. ಇಪ್ಪತ್ತೆರಡು ವರ್ಷದ ಗಲ್ಫ್ ಬಾಳಿನಲ್ಲಿ ಮೊದಲ ಸಲ ಹೆಂಡತಿಯನ್ನು ವಿಸಿಟ್ ವೀಸಾದಲ್ಲಿ ಕರೆಸಿದ್ದರು. ಮರುದಿನ ಶುಕ್ರವಾರ ಇಬ್ಬರೂ ಮಕ್ಕಾಕ್ಕೆ ಉಮ್ರಾ ಯಾತ್ರೆ ಹೋಗುವುದೆಂದು ನಿಶ್ಚಯವಾಗಿತ್ತು. ಹಂಡೆ, ಸುರುಳಿ, ಆರು ಪೀಪಾಯಿ ಹೇರಿ ಟಾರ್ಪಾಲು ಕಟ್ಟಿದೆವು. ಪೀಪಾಯಿಗಳು ಹಳತಾಗಿ ಕಾಣಲಿ ಎಂದು ಒಳಗೂ ಹೊರಗೂ ಖರ್ಜೂರದ ಪಾಕ ಬಳಿದಿದ್ದೆ. ಆ ಸೆಕೆಗೆ ಅದು ಹುಳಿ ಬಂದು ವಾಸನೆ ಹೊಡೆಯುತ್ತಿತ್ತು. ಜಿದ್ದಾದಲ್ಲಿ ತೊಳೆದರಾಯಿತು ಅಂದುಕೊಂಡೆ. ಆಫೀಸಿನಿಂದ ಬಂದ ಕಾಗದಗಳಿಗೆ ಲಾರಿಯ ಬಾನೆಟ್ಟಿನ ಮೇಲೆಯೇ ಸಹಿ ಹಾಕಿದೆ. ಓದಲಿಲ್ಲ.

ಲಾರಿಗಳು ಹದಾ ಘಾಟಿ ಇಳಿಯುವಂತಿಲ್ಲ, ಸೈಲ್ ಕಡೆಯಿಂದ ಸುತ್ತಿ ಹೋಗಬೇಕು. ಕಾಕ ಹೊರಟು ಗಂಟೆ ಕಳೆದಿರಬೇಕು, ನನ್ನ ಫೋನು ಬಡಿಯಿತು.

"ಆಚಾರ್ರೇ, ಆ ಕಾಗದದಲ್ಲಿ ಎಂತ ಬರ್ದಿದ್ದೀರಿ ಮಾರಾಯ್ರೇ? ಚೆಕ್‌ಪೋಸ್ಟಲ್ಲಿ ನಿಲ್ಲಿಸಿದ್ದಾರೆ. ನಾಲ್ಕು ಜನ ಸೇರಿ ಅದನ್ನೇ ಓದ್ತಾ ಇದ್ದಾರೆ. ಟಾರ್ಪಾಲು ತೆಗೆಸಿದ್ರು. ಪೀಪಾಯಿ ಮೂಸಿ ನೋಡಿದ್ರು..."

ಅಷ್ಟಕ್ಕೆ ಕರೆ ನಿಂತಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ನನ್ನ ಪ್ರತಿಯನ್ನು ಬಿಚ್ಚಿ ನೋಡಿದೆ. ಕಂಪ್ಯೂಟರು ಮೂಲ ನಕ್ಷೆಯ ಪಟ್ಟಿಯಿಂದ ಹೆಸರು ಎತ್ತಿಕೊಂಡಿತ್ತು. ಮೊದಲ ಸಾಲಿನಲ್ಲೇ "ರಮ್ ಭಟ್ಟಿ ಹಂಡೆ, ಒಂದು", ಎರಡನೇ ಸಾಲಿನಲ್ಲಿ "ರಮ್ ಪೀಪಾಯಿ, ಆರು". ಕೆಳಗೆ ನನ್ನ ಸಹಿ. ಹೆಸರು, ವಾಸನೆ, ಹಂಡೆ, ಮೂರಕ್ಕೂ ಕಾರಣ ನಾನು. ಸಿಕ್ಕಿಬಿದ್ದದ್ದು ಕಾಕ.

ಮೊದಲು ಮ್ಯಾನೇಜರಿಗೆ ಹೇಳಿದೆ. ಅವರು "ಮಂಜೂರಾತಿಯ ಮೂಲ ಪ್ರತಿ ಹಿಡಿದುಕೊಂಡು ಹೊರಟೆ" ಎಂದರು. ಆಮೇಲೆ ಮಂದೂಬ್, ಅಂದರೆ ಸರ್ಕಾರಿ ಕಚೇರಿಗಳ ಕೆಲಸ ನೋಡಿಕೊಳ್ಳುವ ನಮ್ಮ ಕಂಪನಿಯವ, ಕರೆ ಮಾಡಿದ. "ನೀನು ಅಲ್ಲಿಗೆ ಹೋಗಬೇಡ. ಹೋದರೆ ಇಬ್ಬರೂ ಒಳಗೆ. ಇವತ್ತು ಗುರುವಾರ, ಶುಕ್ರ ಶನಿ ರಜೆ. ಭಾನುವಾರ ಕಚೇರಿ ತೆರೆಯಲಿ, ನಾನು ಬಿಡಿಸುತ್ತೇನೆ."

"ಅಲ್ಲಿಯವರೆಗೆ ಡ್ರೈವರ್?"

"ಮೂರು ದಿನ ತಾನೇ?"

ಅವನು ಹೇಳಿದ್ದು ತಪ್ಪೆಂದು ಈಗಲೂ ಹೇಳಲಾರೆ. ಅನುಭವಸ್ಥ. ಆದರೆ ಅಷ್ಟರಲ್ಲಿ ಇನ್ನೊಂದು ಕರೆ ಬಂತು. ಕಾಕನ ಹೆಂಡತಿ. ನನ್ನ ನಂಬರನ್ನು ಕಾಕ ಅವರಿಗೆ ಬರೆದುಕೊಟ್ಟಿದ್ದರಂತೆ.

"ಆಚಾರ್ರಾ? ಇವರ ಫೋನು ಹೋಗ್ತಾ ಇಲ್ಲ. ಎಂತಾಯ್ತು? ಗಾಡಿ ಮಗುಚಿತಾ?"

"ಇಲ್ಲಕ್ಕ, ಗಾಡಿಗೆ ಏನಾಗಿಲ್ಲ. ಕಾಗದದಲ್ಲಿ ಒಂದು ತಪ್ಪಾಗಿದೆ, ಚೆಕ್‌ಪೋಸ್ಟಲ್ಲಿ ಕೂರಿಸಿದ್ದಾರೆ. ತಪ್ಪು ನನ್ನದು."

ಅವರು ಅಳುತ್ತಾರೆ ಎಂದುಕೊಂಡಿದ್ದೆ. "ಪೆಟ್ಟಾಗ್ಲಿಲ್ಲ ಅಲ್ವಾ? ಅಷ್ಟು ಸಾಕು" ಅಂದರು. "ಇವರ ಶುಗರಿನ ಮಾತ್ರೆ ಗಾಡಿಯ ಡ್ರಾವರಲ್ಲಿ ಉಂಟು. ಊಟಕ್ಕೆ ಮೊದ್ಲು ತಗೊಳ್ಳಿಕ್ಕೆ ಹೇಳಿ. ನೀವು ಅವರ ಹತ್ರ ಹೋಗ್ತೀರಲ್ಲ?"

"ಹೋಗ್ತೇನಕ್ಕ" ಅಂದೆ. ನಿರ್ಧಾರ ಆದದ್ದು ಹಾಗೆ. ದೊಡ್ಡ ಯೋಚನೆಯೇನೂ ಮಾಡಲಿಲ್ಲ.

ಪಿಕಪ್‌ನಲ್ಲಿ ಗ್ರೈಂಡರು, ಡ್ರಿಲ್ಲು, ಸಣ್ಣ ಜನರೇಟರು ಇದ್ದವು. ಕೆಲಸದವರ ಗಾಡಿಯಲ್ಲಿ ಯಾವಾಗಲೂ ಇರುವಂಥವು. ನಾನು ಹೊರಡುವುದನ್ನು ನೋಡಿ ಉಸ್ತಾದ್ ತಲೆಗೆ ರುಮಾಲು ಸುತ್ತಿಕೊಂಡು ಪಕ್ಕದಲ್ಲಿ ಹತ್ತಿ ಕುಳಿತರು. ಬೇಡ ಎಂದದ್ದು ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.

ಚೆಕ್‌ಪೋಸ್ಟಿನ ಅಧಿಕಾರಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಗದರಿಸುವವನಲ್ಲ. ಕಾಕ ನೆರಳಲ್ಲಿ ಬೆಂಚಿನ ಮೇಲೆ ಕೂತಿದ್ದರು, ಮುಂದೆ ನೀರಿನ ಬಾಟಲಿ. ನನ್ನನ್ನು ಕಂಡು ಎದ್ದು ನಿಲ್ಲಹೋಗಿ ಮತ್ತೆ ಕೂತರು. ಮಾತ್ರೆಯ ವಿಷಯ ಹೇಳಿದೆ. ಅಧಿಕಾರಿ ಒಬ್ಬ ಪೊಲೀಸನನ್ನು ಕಳಿಸಿ ಅದನ್ನು ತರಿಸಿಕೊಟ್ಟ. ನಾನು ನನ್ನ ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿ ಕಾರ್ಡು, ತೆಗೆದು ಮೇಜಿನ ಮೇಲಿಟ್ಟೆ. ಮುರುಕು ಅರಬಿಯಲ್ಲಿ ಹೇಳಿದೆ, "ಸಹಿ ನನ್ನದು. ಹಂಡೆ ಮಾಡಿದವನೂ ನಾನೇ. ಇವರಿಗೆ ಒಳಗೆ ಏನಿದೆಯೆಂದೂ ಗೊತ್ತಿಲ್ಲ."

ಮ್ಯಾನೇಜರ್ ನನ್ನ ಫೋನಿಗೆ ಕಳಿಸಿದ್ದ ಮಂಜೂರಾತಿಯನ್ನು ಅವನು ನಿಧಾನವಾಗಿ ಓದಿದ. ಒಂದು ಸಾಲಿನ ಮೇಲೆ ಬೆರಳಿಟ್ಟ. ಯಾವ ಸಾಲೆಂದು ನನಗೆ ಗೊತ್ತಾಯಿತು. ತಲೆ ಎತ್ತಿ ಲಾರಿಯ ಕಡೆ ತೋರಿಸಿ ಕೇಳಿದ, "ಹಾದಾ ಶಗ್ಗಾಲ್?"

ಇದು ಕೆಲಸ ಮಾಡುತ್ತದಾ?

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಕಾಗದದಲ್ಲಿ ಇಲ್ಲವೆಂದೇ ಇತ್ತು. ಕಾಕ ನನ್ನನ್ನೇ ನೋಡುತ್ತಿದ್ದರು. ಆದರೆ ಇಲ್ಲವೆಂದ ಮೇಲೆ ಅವರು ನೀರು ಹಾಕಿ ಒಲೆ ಹಚ್ಚಿ ನೋಡಿದರೆ? ಸುಳ್ಳು ಹೇಳಿದ್ದು ನಾನಾದರೂ ಲಾರಿ ಕಾಕನ ಹೆಸರಿನಲ್ಲೇ ಇರುತ್ತದೆ. ಮತ್ತೂ ಒಂದು ಸಂಗತಿ ಹೇಳಿಬಿಡುತ್ತೇನೆ. ನನ್ನ ಕೈಯಿಂದ ಆದ ಅಂಥ ಹಂಡೆಯನ್ನು ಕೆಲಸಕ್ಕೆ ಬಾರದ್ದು ಎನ್ನಲು ನಾಲಿಗೆ ಏಳಲಿಲ್ಲ.

"ಶಗ್ಗಾಲ್" ಅಂದೆ. "ಚೆನ್ನಾಗಿ ಕೆಲಸ ಮಾಡುತ್ತದೆ. ಮಾಡಬಾರದಿತ್ತು. ನೀವು ಒಪ್ಪಿದರೆ ಇಲ್ಲೇ, ನಿಮ್ಮೆದುರೇ, ಇನ್ನೆಂದೂ ಕೆಲಸ ಮಾಡದ ಹಾಗೆ ಕೊಯ್ದುಬಿಡುತ್ತೇನೆ."

ಅಧಿಕಾರಿ ತಲೆ ಅಲ್ಲಾಡಿಸಿದ. ತನಿಖೆಯಲ್ಲಿರುವ ವಸ್ತು, ಮೇಲಿನವರು ಬರದೆ ಯಾರೂ ಮುಟ್ಟುವಂತಿಲ್ಲ. ನನ್ನ ಇಕಾಮಾವನ್ನು ಕಾಕನ ಇಕಾಮಾದ ಮೇಲೆ ಇಟ್ಟುಕೊಂಡ. ಕಾಕನ ಪಕ್ಕದಲ್ಲಿ ನಾನೂ ಕೂತೆ.

"ಭಾನುವಾರದವರೆಗೆ ಇಲ್ಲಿಯೇನಾ?" ಕಾಕ ಮೆಲ್ಲಗೆ ಕೇಳಿದರು.

"ಗೊತ್ತಿಲ್ಲ ಕಾಕ."

"ನೀವು ಯಾಕೆ ಬರ್ಲಿಕ್ಕೆ ಹೋದ್ರಿ? ಒಬ್ಬ ಸಾಕಿತ್ತಲ್ಲ." ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿ, "ಬಂದದ್ದು ಒಳ್ಳೇದಾಯ್ತು" ಅಂದರು.

ಎರಡೂವರೆ ಗಂಟೆ ಕೂತೆವು. ಅಷ್ಟು ಹೊತ್ತೂ ಉಸ್ತಾದ್ ಸುಮ್ಮನಿರಲಿಲ್ಲ. ಅಧಿಕಾರಿಯ ಹಿಂದೆ ಮುಂದೆ ಓಡಾಡುತ್ತ, ಮಂದ ಕಿವಿಯವರ ಗಟ್ಟಿ ದನಿಯಲ್ಲಿ, ಇವನು ಮೂರು ವಾರ ನನ್ನ ಅಂಗಡಿಯಲ್ಲಿದ್ದ, ನನ್ನ ಅನ್ನ ಉಂಡ, ಹಂಡೆಯಲ್ಲಿ ಇಳಿಸಿದ್ದು ಗುಲಾಬಿ ನೀರು, ಬೇಕಾದರೆ ಕೊಳವೆ ಮೂಸಿ ನೋಡಿ ಎಂದು ಹೇಳುತ್ತಲೇ ಇದ್ದರು. ಕೊನೆಗೆ ಅಧಿಕಾರಿ ಲಾರಿ ಹತ್ತಿ ಸುರುಳಿಯ ತುದಿಗೆ ಮೂಗು ಹಿಡಿದ. ಇಳಿಯುವಾಗ ಮುಖ ಸ್ವಲ್ಪ ಸಡಿಲಾಗಿತ್ತು.

ಮೇಲಧಿಕಾರಿ ಬಂದದ್ದು ಮಧ್ಯಾಹ್ನದ ಮೇಲೆ, ಹೆಚ್ಚುಕಡಿಮೆ ನಮ್ಮ ಮ್ಯಾನೇಜರ್ ಬಂದ ಹೊತ್ತಿಗೇ. ಮ್ಯಾನೇಜರ್ ಕಾರಿಳಿದವರು ನನ್ನ ಕಡೆ ನೋಡಲೂ ಇಲ್ಲ. ನೇರವಾಗಿ ಒಳಗೆ ಹೋಗಿ ಕಾಗದಗಳನ್ನು ಒಂದೊಂದಾಗಿ ಹರಡಿದರು. ಕಿಟಕಿಯಿಂದ ಅವರ ಮಾತು ತುಸುತುಸು ಕೇಳುತ್ತಿತ್ತು. ಒಂದು ಕಡೆ, "ಹೆಸರು ನಮ್ಮ ಆಫೀಸಿನ ತಪ್ಪು, ಹಂಡೆ ನಮ್ಮ ಫೋರ್‌ಮನ್ನಿನ ತಪ್ಪು, ಡ್ರೈವರಿನ ತಪ್ಪು ಏನೂ ಇಲ್ಲ" ಎಂದು ಸ್ಪಷ್ಟವಾಗಿ ಹೇಳಿದರು. ನನ್ನನ್ನು ಬಿಟ್ಟುಕೊಡಲೂ ಇಲ್ಲ, ಮುಚ್ಚಿಡಲೂ ಇಲ್ಲ.

ಉಸ್ತಾದರ ಹೇಳಿಕೆ ಬರೆಸಿಕೊಂಡರು. ಎಲ್ಲ ಕೋನಗಳಿಂದ ಫೋಟೊ ತೆಗೆದರು. ಪೀಪಾಯಿಗಳ ಅಂಟನ್ನು ಕೆರೆದು ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡರು. ಕೊನೆಗೆ ಮೇಲಧಿಕಾರಿ ಹೊರಗೆ ಬಂದು ಕೈಯಿಂದ ಗಾಳಿ ಸೀಳಿ ತೋರಿಸಿದ. ಕೊಯ್ಯಿ.

ಜನರೇಟರು ಹಚ್ಚಿ, ಗ್ರೈಂಡರಿಗೆ ಹೊಸ ಚಕ್ರ ಹಾಕಿದೆ. ಎಲ್ಲಿಂದ ಕೊಯ್ಯಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ತಳದಲ್ಲಿ ಒಂದು ತೂತು ಹೊಡೆದರೆ ಯಾರಾದರೂ ಬೆಸೆಯಬಹುದು. ತಲೆಯಿಂದ ತಳದವರೆಗೆ, ಹಲಸಿನ ಹಣ್ಣಿನಿಂದ ಹೋಳು ತೆಗೆದ ಹಾಗೆ, ಮೂರನೇ ಒಂದು ಭಾಗವನ್ನೇ ತೆಗೆದುಬಿಟ್ಟರೆ ಮತ್ತೆ ಹಂಡೆಯಾಗುವುದಿಲ್ಲ. ಚಕ್ರ ತಾಗಿಸಿದಾಗ ತಾಮ್ರ ಕಿರುಚಿತು. ಹನ್ನೊಂದು ಸಲ ಕಾಯಿಸಿದ ತಲೆ ಎರಡೇ ನಿಮಿಷದಲ್ಲಿ ಬಾಯಿಬಿಟ್ಟಿತು. ಉಸ್ತಾದ್ ಬೆನ್ನು ತಿರುಗಿಸಿ ಬೆಟ್ಟದ ಕಡೆ ನೋಡುತ್ತ ನಿಂತಿದ್ದರು. ಸುರುಳಿಯನ್ನು ನಾಲ್ಕು ಕಡೆ ಕತ್ತರಿಸಿದೆ. ಪೀಪಾಯಿಗಳ ತಳಕ್ಕೆ ಅಂಗೈಯಗಲದ ತೂತು ಹೊಡೆದು ನೀರು ಹಾಕಿ ತೊಳೆದೆ. ಒಂದು ಗಂಟೆಯ ಕೆಲಸ. ಅಧಿಕಾರಿ ಎರಡು ಸಲ ನೀರು ತಂದುಕೊಟ್ಟ.

ದುಃಖವಾಯಿತೇ ಎಂದರೆ, ಮೊದಲ ಗೆರೆಯಲ್ಲಿ ಆಯಿತು. ಆಮೇಲೆ ಪ್ರತಿ ಇಂಚು ಕೊಯ್ದಂತೆಯೂ ಎದೆಯ ಮೇಲಿನ ಭಾರ ಕಡಿಮೆಯಾಗುತ್ತ ಹೋಯಿತು.

ಮ್ಯಾನೇಜರ್ ಲಾರಿಯ ಹತ್ತಿರ ಬಂದು ಆ ಬಾಯಿಬಿಟ್ಟ ಹಂಡೆಯೊಳಗೆ ಇಣುಕಿದರು. ಒಳಮೈಯಲ್ಲಿ ಸುತ್ತಿಗೆಯ ಏಟುಗಳು ಮೀನಿನ ಹುರುಪೆಯಂತೆ ಹೊಳೆಯುತ್ತಿದ್ದವು. ತುಂಬ ಹೊತ್ತು ನೋಡಿದರು.

"ಇದನ್ನು ಮುಚ್ಚಬೇಡಿ" ಎಂದರು. "ಹೀಗೇ ಇಡೋಣ. ಒಳಗೊಂದು ದೀಪ. ಆವಿ ಎಲ್ಲಿಂದ ಏರುತ್ತದೆಂದು ಮಕ್ಕಳಿಗೆ ಕಾಣುತ್ತದೆ." ಮತ್ತೆ ನನ್ನ ಕಡೆ ತಿರುಗಿ, "ಸೋಮವಾರ ನನ್ನ ಕೋಣೆಗೆ ಬನ್ನಿ. ಅಲ್ಲಿ ಬೈಯುತ್ತೇನೆ" ಅಂದರು. ಬೈದರು ಕೂಡ, ಸರಿಯಾಗಿ. ಹಂಡೆ ಮಾತ್ರ ಈಗಲೂ ಆ ಮೈದಾನದಲ್ಲಿ ಹಾಗೆಯೇ ಬಾಯಿ ತೆರೆದು ನಿಂತಿದೆ.

ಇಕಾಮಾಗಳನ್ನು ವಾಪಸು ಕೊಡುವಾಗ ಸೂರ್ಯ ಇನ್ನೂ ಬೆಟ್ಟದ ಮೇಲಿದ್ದ. ಕಾಕ ತನ್ನದನ್ನು ತೆಗೆದುಕೊಂಡು ಎರಡೂ ಬದಿ ತಿರುಗಿಸಿ ನೋಡಿ ಜೇಬಿಗೆ ಹಾಕಿದರು. ನನ್ನ ಕೈ ಹಿಡಿದರು. ಲಾರಿ ಹತ್ತಿದ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ, "ಆಚಾರ್ರೇ, ಇನ್ನು ಮೇಲೆ ಸಹಿ ಹಾಕುವ ಮೊದಲು ಕನ್ನಡಕ ಹಾಕಿ ಮಾರಾಯ್ರೇ" ಅಂದರು. ನಾನು ಮುಸ್ಲಿಮನಲ್ಲದ್ದರಿಂದ ಮಕ್ಕಾದ ಆ ದಾರಿಯಲ್ಲಿ ಮುಂದೆ ಹೋಗುವಂತಿರಲಿಲ್ಲ. ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು, ಉಸ್ತಾದರನ್ನು ಕರೆದುಕೊಂಡು ತಾಯಿಫ್‌ಗೆ ಮರಳಿದೆ. ದಾರಿಯುದ್ದಕ್ಕೂ ಅವರು ನಿದ್ದೆ ಮಾಡಿದರು.

ರಾತ್ರಿಯ ಇಶಾ ಬಾಂಗಿನ ಹೊತ್ತಿಗೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಚಾ ಕುಡಿಯುತ್ತಿದ್ದಾಗ ಕಾಕನ ಫೋನು ಬಂತು.

"ಮನೆ ಮುಟ್ಟಿದೆ. ನಾಳೆ ಬೆಳಿಗ್ಗೆ ಹೊರಡ್ತೇವೆ, ನಿಮ್ಮ ಹೆಸರಲ್ಲೂ ದುವಾ ಮಾಡ್ತೇನೆ."

"ಮಾಡಿ ಕಾಕ. ಊಟ ಆಯ್ತಾ?"

ಅವರು ಉತ್ತರಿಸುವಷ್ಟರಲ್ಲಿ ಹಿಂದಿನಿಂದ ಹೆಂಡತಿಯ ಸ್ವರ ಕೇಳಿಸಿತು. ಕಾಕ ಫೋನನ್ನು ಎಲ್ಲೋ ಇಟ್ಟಿರಬೇಕು, ಕಟ್ ಮಾಡಲು ಮರೆತಿದ್ದರು. ಬ್ಯಾರಿ ಮಾತು, ನನಗೆ ಅರ್ಧಕ್ಕರ್ಧ ಅರ್ಥವಾಗುತ್ತದೆ. ಮಾತ್ರೆ ಯಾಕೆ ಎರಡು ಉಳಿದಿದೆ ಎಂದು ಅವರು ಕೇಳುತ್ತಿದ್ದರು. ಒಂದೇ ತಿನ್ನಬೇಕಾದದ್ದು ಎಂದು ಕಾಕ. ನಿಮಗೆ ಎಣಿಸಲಿಕ್ಕೂ ಬರುವುದಿಲ್ಲ ಎಂದು ಅವರು. ಮೀನಿಗೆ ಹುಳಿ ಜಾಸ್ತಿಯಾಗಿದೆ ಎಂದು ಕಾಕ. ಹಾಗಾದರೆ ಪೊಲೀಸರ ಹತ್ತಿರವೇ ಉಂಡು ಬರಬೇಕಿತ್ತು ಎಂದು ಅವರು. ಪಾತ್ರೆಯ ಸದ್ದು, ಕುರ್ಚಿ ಎಳೆದ ಸದ್ದು, ಮತ್ತೆ ಇಬ್ಬರ ನಗು.

ಇನ್ನೊಬ್ಬರ ಮನೆಯ ಮಾತು, ಕೇಳಬಾರದು. ಆದರೂ ಚಾ ತಣ್ಣಗಾಗುವವರೆಗೆ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.